ಇಳಿಹೊತ್ತಿನ ಓರೆ ಬೆಳಕು

ಸಂಜೆಯಾದರೆ ಸಾಕು, ಮನಸ್ಸು ಯಾಕೋ ಮಂಕಾಗುತ್ತದೆ ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಅದೇ ಸಂಜೆಗಾಗಿ ಬೆಳಗಿನಿಂದ ಕಾಯುವವರೂ ನಮ್ಮ ನಡುವೆ ಇದ್ದಾರೆ. ಶಾಲೆ ಬಿಟ್ಟ ಮಕ್ಕಳಿಗೆ ಅದು ಆಟದ ಹೊತ್ತು. ದಿನವಿಡೀ ಅಡಿಕೆ ಸುಲಿದು ಬೆರಳು ನೊಂದ ಹೆಂಗಸಿಗೆ ಕೈ ತೊಳೆಯುವ ಹೊತ್ತು. ಮಗ ಗಲ್ಫಿನಲ್ಲಿರುವ ಮನೆಯ ಮುದುಕರಿಗೆ ಜಗಲಿಯಲ್ಲಿ ಕುಳಿತು ದಾರಿ ನೋಡುವ ಹೊತ್ತು. ಬೆಳಕು ಒಂದೇ, ಅದರಡಿ ಕುಳಿತ ಮನಸ್ಸುಗಳು ಬೇರೆ ಬೇರೆ. ಹಾಗಾದರೆ ಈ ಬೆಳಕು ಮನಸ್ಸಿಗೆ ಮಾಡುವುದಾದರೂ ಏನು?

ಈ ಪ್ರಶ್ನೆಯನ್ನು ನಾನಾಗಿ ಕೇಳಿಕೊಂಡವನಲ್ಲ. ಇಪ್ಪತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ ಬಂದ ನನಗೆ ಸಂಜೆಯೆಂದರೆ ಟ್ಯೂಬ್‌ಲೈಟಿನ ಕೆಳಗೆ ಮಕ್ಕಳ ಉತ್ತರಪತ್ರಿಕೆ ತಿದ್ದುವ ಹೊತ್ತು, ಅಷ್ಟೆ. ಹೊರಗೆ ಬಾನು ಕೆಂಪಾಯಿತೇ ಕಪ್ಪಾಯಿತೇ ಎಂದು ತಲೆಯೆತ್ತಿ ನೋಡಿದ ನೆನಪಿಲ್ಲ. ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಆಂಧ್ರದ ಹಿಂದೂಪುರದಲ್ಲಿರುವ ಅಕ್ಕನ ಮನೆಗೆ ಹೋಗಿ ಒಂದು ವಾರ ನಿಂತೆ. ತಂದೆಯವರು ತೀರಿಹೋದ ಮೇಲೆ ಅಮ್ಮ ಅಲ್ಲೇ ಇದ್ದಾರೆ. ಆ ವಾರದಲ್ಲಿ ಸಂಜೆ ನನ್ನ ಕಣ್ಣಿಗೆ ಬಿತ್ತು.

ಗಡಿಯಾರದ ಹತ್ತು ನಿಮಿಷ

ಹಿಂದೂಪುರ ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕರ್ನಾಟಕದ ಗೌರಿಬಿದನೂರು ಇಲ್ಲಿಗೆ ನೆರೆಯ ಊರು. ನಾನು ಹೋದ ಮೊದಲ ದಿನವೇ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಕಾಸರಗೋಡಿನಲ್ಲಿ ಸೂರ್ಯ ಇನ್ನೂ ಕಡಲಿನ ಮೇಲೆ ನಿಂತಿರುವ ಹೊತ್ತಿಗೆ ಅಲ್ಲಿ ಮುಳುಗಿಯಾಗಿತ್ತು. ಡಿಸೆಂಬರಿನಲ್ಲಿ ಅಲ್ಲಿ ಆರು ಗಂಟೆ ಹೊಡೆಯುವ ಮೊದಲೇ ಸೂರ್ಯಾಸ್ತ.

ಇದರ ಲೆಕ್ಕ ನಮ್ಮ ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ, ಹಿಂದೂಪುರ ಸುಮಾರು 77.5ರಲ್ಲಿ. ಎರಡೂವರೆ ಡಿಗ್ರಿಯ ಅಂತರಕ್ಕೆ ಹತ್ತು ನಿಮಿಷ. ಕೈಗಡಿಯಾರ ಒಂದೇ ಹೊತ್ತನ್ನು ತೋರಿಸಿದರೂ ಅಲ್ಲಿನ ಸಂಜೆ ನಮ್ಮದಕ್ಕಿಂತ ಹತ್ತು ನಿಮಿಷ ಮುಂದೆ. ಈ ಹತ್ತು ನಿಮಿಷವನ್ನು ಓದುಗರು ನೆನಪಿನಲ್ಲಿಡಬೇಕು. ಕೊನೆಗೆ ಇದರ ಪ್ರಸ್ತಾಪ ಮತ್ತೆ ಬರುವುದುಂಟು.

ಎರಡು ಊರುಗಳ ಸಂಜೆಗೆ ಬೇರೆ ವ್ಯತ್ಯಾಸವೂ ಇದೆ. ನಮ್ಮಲ್ಲಿ ತೋಟಗಳಿರುವುದು ತಗ್ಗಿನಲ್ಲಿ, ಎರಡು ಗುಡ್ಡೆಗಳ ನಡುವೆ. ಕಂಗಿನ ತಲೆಯ ಮೇಲೆ ಬಿಸಿಲಿರುವಾಗಲೇ ಬುಡದಲ್ಲಿ ಕತ್ತಲೆಯಾಗಿರುತ್ತದೆ. ಬೆಳಕು ನೆಲದಿಂದ ಮೇಲಕ್ಕೆ ಹತ್ತಿ ಹೋಗುತ್ತದೆ. ಹಿಂದೂಪುರದ ಕಡೆ ಹಾಗಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಕಂಡ ನಮ್ಮ ಕಣ್ಣಿಗೆ, ಸುಮಾರು 550 ಮಿಲಿಮೀಟರ್ ಮಳೆಯಲ್ಲಿ ಬದುಕುವ ಆ ನೆಲ ಬೋಳು ಬಯಲಾಗಿ ತೋರುತ್ತದೆ. ಅಡ್ಡ ನಿಲ್ಲುವ ಮರವಿಲ್ಲದ ಕಾರಣ ಬೆಳಕು ಕೊನೆಯವರೆಗೂ ನೆಲದ ಮೇಲೆಯೇ ಇರುತ್ತದೆ. ಒಂದು ಕುರಿಯ ನೆರಳು ಒಂದು ಹೊಲದಷ್ಟು ಉದ್ದವಾಗುತ್ತದೆ. ಸೂರ್ಯ ಹೋದ ಮೇಲೂ ಬಂಡೆಯ ಮೇಲೆ ಕೈಯಿಟ್ಟರೆ ಹಗಲಿನ ಬಿಸಿ ತಾಗುತ್ತದೆ.

ಸಂಜೆಯ ಕೆಂಪಿಗೆ ಕಾರಣವೇನೆಂಬುದನ್ನು 1871ರಲ್ಲಿ ರ್‍ಯಾಲಿ ಎಂಬ ಇಂಗ್ಲಿಷ್ ವಿಜ್ಞಾನಿ ವಿವರಿಸಿದ ತತ್ತ್ವದಿಂದ ತಿಳಿಯಬಹುದು. ಗಾಳಿಯ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ, ಕೆಂಪನ್ನು ಕಡಿಮೆ. ನೆತ್ತಿಯ ಮೇಲಿರುವಾಗಿನದಕ್ಕಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ದಿಗಂತದ ಸೂರ್ಯನ ಬೆಳಕು ನಮ್ಮನ್ನು ತಲಪಬೇಕು. ದಾರಿಯುದ್ದಕ್ಕೂ ನೀಲಿಯೆಲ್ಲ ಚದುರಿಹೋಗಿ, ಕೊನೆಗೆ ಮನೆಗೆ ಮುಟ್ಟುವುದು ಕೆಂಪು ಮಾತ್ರ. ಗಾಳಿಯಲ್ಲಿ ಬೇರೇನಾದರೂ ಸೇರಿದರೆ ಬಣ್ಣವೂ ಕೆಡುತ್ತದೆ. 1883ರ ಆಗಸ್ಟಿನಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ, ಸೆಪ್ಟೆಂಬರಿನಲ್ಲಿ ಮದರಾಸಿನ ಜನ ಹಸಿರು ಬಣ್ಣದ ಸೂರ್ಯನನ್ನು ಕಂಡರು. ಆಗ ನಮ್ಮ ದಕ್ಷಿಣ ಕನ್ನಡವೂ ಆ ಅನಂತಪುರವೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು.

ಬೆಳಕು ಬಣ್ಣ ಕೆಡಿಸುತ್ತದೆ ಎಂಬುದು ಪೇಟೆಯವರಿಗೆ ವಿಜ್ಞಾನ ಓದದೆಯೇ ಗೊತ್ತು. ಹಿಂದೂಪುರ ಬೆಲ್ಲ, ಹುಣಸೆ, ಮೆಣಸಿನಕಾಯಿಗಳ ವ್ಯಾಪಾರಕ್ಕೆ ಹೆಸರಾದ ಊರು. ಭಾವನ ಜತೆ ಪೇಟೆಗೆ ಹೋದಾಗ ಒಬ್ಬ ಮುದಿ ವ್ಯಾಪಾರಿ ಹೇಳಿದರು: "ಬೆಲ್ಲವನ್ನು ಸಂಜೆ ನೋಡಿ ರೇಟು ಕಟ್ಟಬಾರದು ಸ್ವಾಮಿ. ಸಂಜೆ ಹೊತ್ತಲ್ಲಿ ಕರೀ ಬೆಲ್ಲವೂ ಬಂಗಾರ." ಅಷ್ಟರಲ್ಲಿ ಅವರ ಹುಡುಗ ಅಂಗಡಿಯ ದೀಪ ಹಾಕಿದ. ಮಾತು ಅರ್ಧಕ್ಕೆ ನಿಲ್ಲಿಸಿ, ಇಬ್ಬರೂ ಆ ಬಲ್ಬಿಗೆ ಕೈಮುಗಿದರು. ಎದುರಿನ ಹೂವಿನವಳೂ ಮುಗಿದಳು. ಒಂದು ಗಳಿಗೆ ಚೌಕಾಸಿಯ ಗಲಾಟೆ ನಿಂತು, ಮತ್ತೆ ಶುರುವಾಯಿತು.

ಅಮ್ಮನ ಗಂಟು

ಅಮ್ಮನಿಗೆ ಎಪ್ಪತ್ತೆಂಟು. ಹಗಲು ಹೊತ್ತು ಅವರಿಗೆ ಅಂಥ ತೊಂದರೆಯೇನೂ ಇಲ್ಲ. ನನ್ನನ್ನು ಕಂಡು ತೋಟಕ್ಕೆ ಮದ್ದು ಬಿಟ್ಟಾಯಿತೇ ಎಂದು ಕೇಳಿದರು, ಸೊಸೆಯ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದರು. ನಾಲ್ಕೂವರೆ ದಾಟಿ, ಪಶ್ಚಿಮದ ಕಿಟಕಿಯ ಸರಳುಗಳ ನೆರಳು ಗೋಡೆಗೆ ಬೀಳುತ್ತಿದ್ದಂತೆ ಅಮ್ಮ ಬದಲಾದರು. ಒಳಗೆ ಹೋಗಿ ಎರಡು ಸೀರೆ, ಎಲೆಯಡಿಕೆಯ ಡಬ್ಬಿ, ಒಂದು ಬೆಡ್‌ಶೀಟು ಗಂಟು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಹೊತ್ತಾಯ್ತು. ನಾನು ಮನೆಗೆ ಹೋಗ್ತೇನೆ. ಅಲ್ಲಿ ದೀಪ ಇಡ್ಲಿಕ್ಕೆ ಯಾರಿದ್ದಾರೆ?"

"ಅಮ್ಮಾ, ಇದೇ ಮನೆ ಅಲ್ವಾ?" ಎಂದೆ.

"ಇದು ನಿನ್ನ ಅಕ್ಕನ ಮನೆ. ನನಗೆ ಗೊತ್ತಿಲ್ವಾ? ನನ್ನ ಮನೆಗೆ ಹೋಗ್ಬೇಕು."

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು, "ದಿನಾ ಹೀಗೆಯೇ ತಮ್ಮಾ. ಏಳು ಗಂಟೆ ಕಳೆದರೆ ಸರಿಯಾಗ್ತಾರೆ. ಆ ಎರಡು ಗಂಟೆ ಮಾತ್ರ ಕಷ್ಟ."

ಅಲ್ಲಿನ ಡಾಕ್ಟರರನ್ನು ಕಂಡೆವು. ಮರೆವಿನ ಕಾಯಿಲೆ ಶುರುವಾದ ವೃದ್ಧರಲ್ಲಿ ಇಳಿಹೊತ್ತಿಗೆ ತಳಮಳ ಹೆಚ್ಚುವುದು ಎಲ್ಲ ದೇಶಗಳಲ್ಲೂ ಕಂಡ ಸಂಗತಿಯಂತೆ. ಇಂಗ್ಲಿಷಿನಲ್ಲಿ ಅದಕ್ಕೆ ಸೂರ್ಯಾಸ್ತದ ಹೆಸರನ್ನೇ ಇಟ್ಟಿದ್ದಾರೆ. ಅದಕ್ಕೆ ಕಾರಣ ಇದೊಂದೇ ಎಂದು ಹೇಳುವಂತಿಲ್ಲ. ದಿನದ ಆಯಾಸ, ಮಿದುಳಿನೊಳಗಿನ ಗಡಿಯಾರದ ಏರುಪೇರು, ಮಂದ ಬೆಳಕಿನಲ್ಲಿ ನೆರಳುಗಳನ್ನು ಗುರುತಿಸಲಾಗದ ಗೊಂದಲ, ಎಲ್ಲವೂ ಸೇರಿರಬಹುದು. ನಮ್ಮ ಕಣ್ಣಿನ ಹಿಂಭಾಗದಲ್ಲಿ, ರೂಪ ನೋಡುವುದಕ್ಕಿಂತ ಹೆಚ್ಚಾಗಿ ಎಷ್ಟು ಬೆಳಕಿದೆ ಎಂದು ಈ ಗಡಿಯಾರಕ್ಕೆ ತಿಳಿಸುವ ಬೇರೊಂದು ಬಗೆಯ ಕೋಶಗಳಿವೆ ಎಂಬುದನ್ನು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುವಂಥವು. ಆದುದರಿಂದ ಸಂಜೆಯಾದರೆ ಮನಸ್ಸು ಬದಲಾಗುತ್ತದೆ ಎಂಬ ಮಾತು ಕವಿಗಳ ಕಲ್ಪನೆ ಮಾತ್ರವಲ್ಲ, ದೇಹಕ್ಕೂ ಅದು ತಿಳಿದಿದೆ.

ಡಾಕ್ಟರರು ಕೊಟ್ಟ ಸಲಹೆ ಸರಳವಾಗಿತ್ತು. ಕತ್ತಲಾಗುವವರೆಗೆ ಕಾಯದೆ ಐದು ಗಂಟೆಗೇ ಮನೆಯ ದೀಪಗಳನ್ನೆಲ್ಲ ಹಾಕಬೇಕು. ನೆರಳು ಬೀಳುವ ಕಿಟಕಿಗೆ ಪರದೆ ಎಳೆಯಬೇಕು. ವಾದ ಮಾಡಬಾರದು. ಕೈಗೆ ಗೊತ್ತಿರುವ ಏನಾದರೂ ಕೆಲಸ ಕೊಡಬೇಕು. ಮೊದಲಿನ ಮೂರನ್ನು ಆ ದಿನವೇ ಮಾಡಿದೆವು. ತಕ್ಕಮಟ್ಟಿಗೆ ಗುಣ ಕಂಡಿತು. ನಾಲ್ಕನೆಯದು ಉಳಿಯಿತು. ಅಡಿಕೆಯಿಲ್ಲದ, ತೆಂಗಿನ ಮಡಲಿಲ್ಲದ ಆ ಊರಿನಲ್ಲಿ ಅಮ್ಮನ ಕೈಗೆ ಗೊತ್ತಿರುವ ಕೆಲಸ ಯಾವುದು?

ಕಲ್ಲಿನ ಮೇಲಿನ ಅಕ್ಷರ

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಲೇಪಾಕ್ಷಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 16ನೇ ಶತಮಾನದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅಲ್ಲಿದೆ. ಅರಸನ ಅನುಮತಿಯಿಲ್ಲದೆ ಬೊಕ್ಕಸದ ಹಣ ಖರ್ಚು ಮಾಡಿದನೆಂಬ ಆಪಾದನೆ ಬಂದಾಗ ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದು ಜನ ಹೇಳುತ್ತಾರೆ. ಗೋಡೆಯ ಮೇಲಿನ ಎರಡು ಕೆಂಪು ಗುರುತುಗಳನ್ನು ತೋರಿಸುತ್ತಾರೆ. ಕಲ್ಯಾಣ ಮಂಟಪ ಅರ್ಧಕ್ಕೇ ನಿಂತಿದೆ. ಊರಿನ ಬದಿಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 27 ಅಡಿ ಉದ್ದದ ದೊಡ್ಡ ಬಸವ ಕುಳಿತಿದ್ದಾನೆ.

ನಾವು ಹೋದದ್ದು ಮಧ್ಯಾಹ್ನ ಎರಡು ಗಂಟೆಗೆ. ಆಗ ಪ್ರಾಕಾರದ ಗೋಡೆ ನನ್ನ ಕಣ್ಣಿಗೆ ಬರೀ ಗೋಡೆಯಾಗಿತ್ತು. ಬಿಸಿಲು ಮೇಲಿನಿಂದ ಬಿದ್ದು ಕಲ್ಲೆಲ್ಲ ಒಂದೇ ಸಮನೆ ಬೆಳ್ಳಗೆ ಕಾಣುತ್ತಿತ್ತು. ತಿರುಗಿ ಬರುವಾಗ ಐದು ಗಂಟೆ. ಬೆಳಕು ಓರೆಯಾಗಿ ಗೋಡೆಯನ್ನು ಸವರಿಕೊಂಡು ಬರುತ್ತಿತ್ತು. ಅದೇ ಗೋಡೆಯ ಮೇಲೆ, ಸಾಲು ಸಾಲಾಗಿ, ಅಕ್ಷರಗಳು ಎದ್ದು ನಿಂತಿದ್ದವು. ಕನ್ನಡ ಅಕ್ಷರಗಳು! ಲೇಪಾಕ್ಷಿಯ ಶಾಸನಗಳಲ್ಲಿ ಹಲವು ಕನ್ನಡದವು ಎಂದು ಓದಿ ತಿಳಿದಿದ್ದೆ, ಮಕ್ಕಳಿಗೆ ಹೇಳಿಯೂ ಇದ್ದೆ. ಆದರೆ ಮೂರು ಗಂಟೆ ಮೊದಲು ಅದೇ ಗೋಡೆಯ ಪಕ್ಕದಲ್ಲಿ ನಡೆದುಹೋದ ನನಗೆ ಒಂದು ಅಕ್ಷರವೂ ಕಂಡಿರಲಿಲ್ಲ.

ಶಾಸನ ಓದುವವರಿಗೆ ಇದು ಹೊಸತಲ್ಲ. ಸವೆದ ಅಕ್ಷರದ ಗೀರಿನಲ್ಲಿ ನೆರಳು ನಿಲ್ಲುವುದು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ. ಹಾಗಾಗಿ ಅವರು ಬೆಳಗ್ಗೆ ಅಥವಾ ಇಳಿಹೊತ್ತಿಗೆ ಕಲ್ಲಿನ ಮುಂದೆ ಕೂರುತ್ತಾರೆ. ಬೆಳಕು ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬುದು ನಮ್ಮ ತಪ್ಪು ತಿಳಿವಳಿಕೆ. ಇಳಿಯುತ್ತಿರುವ ಬೆಳಕಿನಲ್ಲಿ ಮಾತ್ರ ಕಾಣುವಂಥವೂ ಕೆಲವುಂಟು.

ಕಾವಲುಗಾರ ಸೀಟಿ ಊದುವವರೆಗೂ ಆ ಗೋಡೆಯ ಮುಂದೆ ನಿಂತಿದ್ದೆ. ನನಗೆ ಆಗ ನೆನಪಾದದ್ದು ಭಾವನ ಮನೆ. ಭಾವನ ಹಿರಿಯರು ಮಡಕಶಿರಾ ಕಡೆಯ ಕನ್ನಡಿಗರು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದು ರಾಯದುರ್ಗ, ಆಲೂರು, ಆದವಾನಿಗಳು ಆಂಧ್ರಕ್ಕೆ ಹೋದಾಗ, ಮಡಕಶಿರಾದ ಕನ್ನಡಿಗರೂ ಆಂಧ್ರದಲ್ಲೇ ಉಳಿದರು. ಮೂರು ವರ್ಷಗಳ ನಂತರ, 1956ರಲ್ಲಿ, ನಮಗೆ ಆದದ್ದೂ ಅದೇ ತಾನೆ? ಭಾವನಿಗೆ ಹಗಲೆಲ್ಲ ತೆಲುಗು. ಅಂಗಡಿ, ಬ್ಯಾಂಕು, ಕಚೇರಿ ಎಲ್ಲವೂ ತೆಲುಗಿನಲ್ಲಿ. ಮನೆಗೆ ಬಂದು ಕಾಲು ತೊಳೆದು ಜಗಲಿಯ ಮೇಲೆ ಕುಳಿತರೆ ಕನ್ನಡ. ಆ ಮನೆಯಲ್ಲಿ ಮನೆಮಾತು ಕಾಣಿಸಿಕೊಳ್ಳುವುದೂ ಇಳಿಹೊತ್ತಿನಲ್ಲೇ. ಕನ್ನಡ ಹಗಲಿನ ಭಾಷೆಯಾಗಿ ಉಳಿಯದ ಊರುಗಳಲ್ಲಿ ಅದು ಸಂಜೆಯ ಭಾಷೆಯಾಗಿ ಉಳಿದಿರುತ್ತದೆ. ನಮ್ಮ ಊರಿನ ಎಷ್ಟೋ ಮನೆಗಳ ಕತೆಯೂ ಇದಕ್ಕಿಂತ ಬೇರೆಯಲ್ಲ.

ಕಲ್ಯಾಣದುರ್ಗದ ಬಸ್ ನಿಲ್ದಾಣ

ಅಕ್ಕನ ಹಿರಿಯ ಮಗ ಕಲ್ಯಾಣದುರ್ಗದಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ನೋಡಲು ಭಾವನೂ ನಾನೂ ಬಸ್ಸು ಬದಲಿಸುತ್ತ ಮಡಕಶಿರಾ, ಪಾವಗಡಗಳ ಮಾರ್ಗವಾಗಿ ಹೋದೆವು. ಪಾವಗಡ ಕರ್ನಾಟಕದ ತಾಲೂಕಾದರೂ ಹೆಚ್ಚುಕಡಿಮೆ ಸುತ್ತಲೂ ಆಂಧ್ರವೇ. ದಾರಿಬದಿಯ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ಮತ್ತೆ ತೆಲುಗಿಗೆ ತಿರುಗಿದವು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೂರ್ಯನ ಬಿಸಿಲಿನಿಂದ ವಿದ್ಯುತ್ ತೆಗೆಯುವ ದೊಡ್ಡ ಕೇಂದ್ರವಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಮಳೆಯಿಲ್ಲದೆ ಸೋತ ರೈತರು ಹೊಲಗಳನ್ನು ಅದಕ್ಕೆ ಗುತ್ತಿಗೆಗೆ ಕೊಟ್ಟಿದ್ದಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಆ ಕಡೆಯ ರೈತರೊಬ್ಬರು, "ದುಡ್ಡು ಬರ್ತದೆ ಸಾರ್, ತೊಂದರೆ ಇಲ್ಲ. ಆದರೆ ಸಂಜೆ ದನ ಬರಲ್ಲ" ಎಂದರು. ಗೋಧೂಳಿ ಎಂಬ ಮಾತಿನ ಅರ್ಥವನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ದನವಿಲ್ಲದ ಸಂಜೆ ಎಂದರೇನೆಂದು ಅವರು ಹೇಳಿದಾಗ ತಿಳಿಯಿತು.

ಕಲ್ಯಾಣದುರ್ಗ ತಲಪುವಾಗ ಇಳಿಹೊತ್ತು. ಕಡಲೆಕಾಯಿ ಕಿತ್ತು ಖಾಲಿಯಾದ ಕೆಂಪು ಹೊಲಗಳು ಆ ಬೆಳಕಿನಲ್ಲಿ ಇನ್ನೂ ಕೆಂಪಾಗಿದ್ದವು. ಬಸ್ ನಿಲ್ದಾಣದಲ್ಲಿ ಎರಡು ಬಗೆಯ ಜನ. ಕೂಲಿ ಮುಗಿಸಿ ಹಳ್ಳಿಗೆ ಹಿಂತಿರುಗುವ ಹೆಂಗಸರು ನಗುತ್ತ, ಒಬ್ಬರ ಮಡಿಲಿನ ಕಡಲೆಕಾಯಿಯನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತ ನಿಂತಿದ್ದರು. ಅವರಿಗೆ ಹತ್ತು ಹೆಜ್ಜೆಯಾಚೆ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟ ಒಂದು ಸಂಸಾರ. ಗಂಡ, ಹೆಂಡತಿ, ಎರಡು ಚೀಲ, ಒಂದು ಸ್ಟೌವು. ಅವರನ್ನು ಕಳಿಸಲು ಬಂದ ಅಜ್ಜಿಯ ಸೊಂಟದಲ್ಲಿ ನಾಲ್ಕು ವರ್ಷದ ಮಗು. ಎರಡು ಗುಂಪಿನ ಮೇಲೂ ಬಿದ್ದದ್ದು ಅದೇ ಹೊಂಬಿಸಿಲು.

ಬಸ್ಸು ಹತ್ತಿದ ತಾಯಿ ಕಿಟಕಿಯಿಂದ ಕೈಬೀಸಿದಳು. ಮಗುವೂ ಬೀಸಿತು. ಅದು ಅಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಡ್ರೈವರು ಗಾಜುಗಳನ್ನೆಲ್ಲ ಎಳೆಯಲು ಹೇಳಿ ಒಳಗಿನ ಲೈಟು ಹಾಕಿದ. ಹೊರಗೆ ಆಗಲೇ ಮಬ್ಬು ಕವಿದಿತ್ತು. ಒಳಗೆ ದೀಪ ಬೆಳಗಿದೊಡನೆ ಒಳಗಿದ್ದವರ ಪಾಲಿಗೆ ಕಿಟಕಿಯ ಗಾಜು ಕನ್ನಡಿಯಾಯಿತು. ತಾಯಿ ಇನ್ನೂ ಹೊರಗೇ ನೋಡುತ್ತಿದ್ದಳು, ಆದರೆ ಅವಳಿಗೆ ಕಾಣುತ್ತಿದ್ದದ್ದು ಅವಳದೇ ಮುಖ. ಹೊರಗಿದ್ದ ಮಗುವಿಗೆ ಮಾತ್ರ ತಾಯಿ ಮೊದಲಿಗಿಂತಲೂ ಸ್ಪಷ್ಟವಾಗಿ ಕಾಣುತ್ತಿದ್ದಳು. ಅದು ಕೈಬೀಸಿತು. ತಾಯಿ ಬೀಸಲಿಲ್ಲ. ಆಗ ಮಗು ಅತ್ತಿತು.

ನಾನು ಮುಖ ತಿರುಗಿಸಿದೆ. ನನಗೆ ನನ್ನದೇ ಮನೆಯ ಟ್ಯೂಬ್‌ಲೈಟು ನೆನಪಾಗಿತ್ತು. ಅದರ ಕೆಳಗೆ ಕುಳಿತವನಿಗೆ ಹೊರಗೆ ನಿಂತು ನೋಡುವವರು ಯಾರೂ ಕಾಣುವುದಿಲ್ಲ.

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಮ್ಮ ಪ್ರತಿದಿನ ಸಂಜೆ ಅಕ್ಕನ ಕೈಯಲ್ಲಿ ನನಗೆ ಫೋನು ಮಾಡಿಸುತ್ತಿದ್ದರು. ಕೇಳುವುದು ಒಂದೇ ಪ್ರಶ್ನೆ, "ದೀಪ ಇಟ್ಟೆಯಾ ಮಗಾ?" "ಇಟ್ಟೆ ಅಮ್ಮಾ, ನಾಳೆ ಮಾತಾಡುವ, ಪೇಪರು ತಿದ್ದುವುದುಂಟು" ಎಂದು ಹೇಳಿ ಮುಗಿಸಿಬಿಡುತ್ತಿದ್ದೆ. ದೀಪ ಇಟ್ಟಿರುತ್ತಿರಲಿಲ್ಲ. ಎಷ್ಟೋ ದಿನ ಆಮೇಲೂ ಇಡುತ್ತಿರಲಿಲ್ಲ.

ಅವರೆಕಾಯಿಯ ಬುಟ್ಟಿ

ಹಿಂದೂಪುರಕ್ಕೆ ಮರಳಿದಾಗ ಆ ನಾಲ್ಕನೆಯ ಸಲಹೆಗೆ ದಾರಿ ತಾನಾಗಿ ಸಿಕ್ಕಿತ್ತು. ಡಿಸೆಂಬರ್ ಎಂದರೆ ಆ ಸೀಮೆಯಲ್ಲಿ ಅವರೆಕಾಯಿಯ ಕಾಲ. ನಮ್ಮ ಕಡೆ ಅದು ಅಪರೂಪ, ಅಲ್ಲಿ ಮನೆಮನೆಯಲ್ಲೂ ಬುಟ್ಟಿಗಟ್ಟಲೆ. ಸಂಜೆ ಕಾಯಿ ಸುಲಿದು, ಕಾಳು ನೆನೆಹಾಕಿ, ಸಿಪ್ಪೆ ಹಿತುಕಿ ಹಿತಕಿದ ಬೇಳೆ ಮಾಡುತ್ತಾರೆ. ಪಕ್ಕದ ಮನೆಯ ತೆಲುಗು ಅಜ್ಜಿ ತನ್ನ ಬುಟ್ಟಿಯನ್ನು ಹೊತ್ತುಕೊಂಡು ಬಂದು ಅಕ್ಕನ ಜಗಲಿಯಲ್ಲಿ, ಅಮ್ಮನ ಎದುರಿಗೇ ಕುಳಿತಿದ್ದಳು. ಅಮ್ಮ ಜೀವನವಿಡೀ ಅಡಿಕೆ ಸುಲಿದವರು. ಸುಲಿಯುವ ಕೆಲಸ ಕಂಡ ಕೈ ಸುಮ್ಮನಿರಲಿಲ್ಲ.

ನಾವು ಒಳಬರುವಾಗ ಇಬ್ಬರೂ ಪಡುವಣಕ್ಕೆ ಮುಖ ಮಾಡಿ ಕುಳಿತಿದ್ದರು. ಅಮ್ಮ ಕನ್ನಡದಲ್ಲಿ, ಅಜ್ಜಿ ತೆಲುಗಿನಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ಎಷ್ಟು ತಿಳಿಯಿತೋ ನಾನರಿಯೆ. ಸೂರ್ಯ ಬಂಡೆಗುಡ್ಡದ ಹಿಂದೆ ಇಳಿದಾಗ ಅಜ್ಜಿ ಕೈ ಕೊಡವಿ, "ಪೊದ್ದು ಪೋಯಿಂದಿ" ಎಂದಳು. ಅಮ್ಮ ತಲೆಯೆತ್ತಿ ನೋಡಿ, "ಹೌದು, ಹೊತ್ತು ಹೋಯ್ತು" ಎಂದರು.

ಪೊದ್ದು, ಹೊತ್ತು. ಹಳಗನ್ನಡದ ಪೊತ್ತು. ನಮ್ಮ ತುಳುವಿನ ಬಯ್ಯ ಕನ್ನಡದ ಬೈಗು ಆದಂತೆ, ಇದೂ ಒಂದೇ ಬೇರಿನ ಮಾತು. ವ್ಯಾಕರಣದ ತರಗತಿಯಲ್ಲಿ ಎಷ್ಟು ವರ್ಷ ಹೇಳಿದರೂ ನನಗೇ ಮನಸ್ಸಿಗೆ ಇಳಿಯದ ಪಾಠ ಆ ಜಗಲಿಯಲ್ಲಿ ಇಳಿಯಿತು. ಅಮ್ಮ ಎದ್ದು ಸೆರಗಿಗೆ ಕೈ ಒರಸಿಕೊಂಡು ಒಳಗೆ ಹೋದರು. ಗಂಟು ಕಟ್ಟಲು ಹೊರಟರೆಂದು ಅಕ್ಕ ಹಿಂದೆಯೇ ಹೋದಳು. ಅಮ್ಮ ಹೋದದ್ದು ದೇವರ ಕೋಣೆಗೆ. ಬತ್ತಿ ಸರಿಮಾಡಿ ಅಕ್ಕನ ಮನೆಯ ದೀಪವನ್ನು ತಾವೇ ಹಚ್ಚಿದರು.

ಮರುದಿನ ಮತ್ತೆ ಗಂಟು ಕಟ್ಟಿದರು ಎಂಬುದನ್ನು ಮರೆಮಾಚಲಾರೆ. ಅದರ ಮರುದಿನ ಕಟ್ಟಲಿಲ್ಲ. ಕಾಯಿಲೆ ಅವರೆಕಾಯಿಯಿಂದ ವಾಸಿಯಾಗುವಂಥದಲ್ಲ. ಆದರೆ ಆ ಎರಡು ಗಂಟೆಗಳನ್ನು ದಾಟಿಸಲು ಒಂದು ದೀಪ, ಒಂದು ಬುಟ್ಟಿ, ಎದುರಿಗೆ ಕುಳಿತ ಒಬ್ಬರು ಬೇಕು ಎಂಬುದು ನಮಗೆ ತಿಳಿಯಿತು.

ಸಂಜೆಯ ಬೆಳಕು ದುಃಖವನ್ನಾಗಲಿ ಸಂತೋಷವನ್ನಾಗಲಿ ಹೊರಗಿನಿಂದ ತಂದು ಸುರಿಯುವುದಿಲ್ಲ. ಹಗಲಿನ ನೇರ ಬಿಸಿಲಿನಲ್ಲಿ ಕಾಣದೆ ಹೋದದ್ದನ್ನು ಅದು ಓರೆಯಾಗಿ ಬಿದ್ದು ಎತ್ತಿ ತೋರಿಸುತ್ತದೆ. ಕಲ್ಲಿನಲ್ಲಿ ಅಕ್ಷರ, ಅಮ್ಮನಲ್ಲಿ ಊರು, ಭಾವನಲ್ಲಿ ಕನ್ನಡ. ನೋಡಲು ಸಿಗುವ ಹೊತ್ತು ಮಾತ್ರ ಬಲು ಕಡಿಮೆ. ನಮ್ಮ ಸೀಮೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಬೆಳಕಿರುವುದು 20ರಿಂದ 25 ನಿಮಿಷ.

ಊರಿಗೆ ಬಂದ ಮೇಲೆ ಉತ್ತರಪತ್ರಿಕೆ ತಿದ್ದುವ ಕೆಲಸವನ್ನು ರಾತ್ರಿ ಊಟದ ನಂತರಕ್ಕೆ ಹಾಕಿಕೊಂಡಿದ್ದೇನೆ. ಅಲ್ಲಿ ಹೊತ್ತು ಮುಳುಗಿದ ಕೂಡಲೇ ಅಮ್ಮನ ಫೋನು ಬರುತ್ತದೆ. ಇಲ್ಲಿ ಆಗ ಕಂಗಿನ ತಲೆಯ ಮೇಲೆ ಇನ್ನೂ ಹತ್ತು ನಿಮಿಷದ ಬಿಸಿಲಿರುತ್ತದೆ. ಅಕ್ಕಪಕ್ಕದವರು ನೋಡಿದರೆ ಇದೇನು ಮಾಸ್ಟ್ರು ಬಿಸಿಲಿರುವಾಗಲೇ ದೀಪ ಇಡುತ್ತಾರೆ ಎಂದಾರು. ಇರಲಿ. "ದೀಪ ಇಟ್ಟೆಯಾ ಮಗಾ?" ಎಂದು ಅವರು ಕೇಳುವಾಗ ಅದು ಉರಿಯುತ್ತಿರಬೇಕು.